ನಮ್ಮ ಕಡೆಯ ಸುಳ್ಳೂ ಸುಳ್ಳೇ

ಸುಳ್ಳು ಹೇಳಬಾರದು ಎಂಬ ಪಾಠವನ್ನು ನಾವು ಮದ್ರಸದ ಮೊದಲ ತರಗತಿಯಲ್ಲೇ ಕಲಿಯುತ್ತೇವೆ. ಜುಮಾ ಖುತ್ಬಾಗಳಲ್ಲಿ ಅದನ್ನೇ ಮತ್ತೆ ಮತ್ತೆ ಕೇಳುತ್ತೇವೆ. ತೂಕದಲ್ಲಿ ಮೋಸ, ಸಾಕ್ಷ್ಯದಲ್ಲಿ ಸುಳ್ಳು, ಮಕ್ಕಳನ್ನು ಸಮಾಧಾನಪಡಿಸಲು ಹೇಳುವ ಸುಳ್ಳು, ಇವೆಲ್ಲವೂ ತಪ್ಪು ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ರಾಜಕೀಯದ ಮಾತು ಬಂದ ಕೂಡಲೇ ನಮ್ಮ ಧಾಟಿ ಬದಲಾಗುತ್ತದೆ. "ಅಲ್ಲಿ ಅದೆಲ್ಲ ಇದ್ದದ್ದೇ" ಎಂದುಬಿಡುತ್ತೇವೆ.

ಎದುರಾಳಿ ಹೇಳಿದ ಸುಳ್ಳನ್ನು ನಾವು ತಕ್ಷಣ ಗುರುತಿಸುತ್ತೇವೆ, ಖಂಡಿಸುತ್ತೇವೆ. ಅಂಥದ್ದೇ ಮಾತನ್ನು ನಮ್ಮ ಪಕ್ಷದವನು, ನಮ್ಮ ಸಂಘಟನೆಯವನು, ನಮ್ಮ ಮೊಹಲ್ಲಾದವನು ಹೇಳಿದಾಗ ಅದು 'ತಂತ್ರ' ಆಗುತ್ತದೆ, 'ಸಮುದಾಯದ ಹಿತ' ಆಗುತ್ತದೆ. ಕೇಳಿದರೆ, ಯುದ್ಧ ಎಂದರೆ ತಂತ್ರವೇ ಎಂಬ ಹದೀಸ್ ಇದೆಯಲ್ಲ ಎಂದು ಉತ್ತರಿಸುವವರೂ ನಮ್ಮಲ್ಲಿದ್ದಾರೆ. ಈ ಉತ್ತರ ಎಷ್ಟರಮಟ್ಟಿಗೆ ಸರಿ? ಇತಿಹಾಸದ ಕೆಲವು ಪುಟಗಳನ್ನು ತಿರುವಿ ನೋಡೋಣ.

ರಾಜಕೀಯಕ್ಕೆ ಬೇರೆಯೇ ನೀತಿ ಎಂಬ ವಾದ ಹೊಸದೇನಲ್ಲ. ಇಟಲಿಯ ಮೆಕಿಯಾವೆಲ್ಲಿ 1513ರಲ್ಲಿ ಬರೆದ 'ದಿ ಪ್ರಿನ್ಸ್' ಗ್ರಂಥದಲ್ಲಿ, ಕೊಟ್ಟ ಮಾತು ತನಗೆ ಹಾನಿ ತರುವಂತಿದ್ದರೆ ದೊರೆ ಅದನ್ನು ಪಾಲಿಸಬೇಕಾಗಿಲ್ಲ ಎಂದು ವಾದಿಸಿದ. ಇತರರೂ ಮಾತಿಗೆ ತಪ್ಪುವವರೇ ಆದ್ದರಿಂದ ದೊರೆಯೊಬ್ಬನೇ ಯಾಕೆ ಮಾತಿಗೆ ಕಟ್ಟುಬೀಳಬೇಕು ಎಂಬುದು ಅವನ ತರ್ಕ. ಇಂದು ಚಹಾದಂಗಡಿಯಲ್ಲಿ ನಾವು ಆಡುವ ಮಾತೂ ಹೆಚ್ಚುಕಡಿಮೆ ಇದೇ. ಆದರೆ ಅವನಿಗಿಂತ ಸುಮಾರು ಒಂಬತ್ತು ಶತಮಾನಗಳ ಹಿಂದೆ, ಅರೇಬಿಯದಲ್ಲಿ ಇದೇ ಪ್ರಶ್ನೆಗೆ ಬೇರೆಯೇ ಉತ್ತರ ಸಿಕ್ಕಿತ್ತು.

ಚಕ್ರವರ್ತಿಯ ಮುಂದೆ ಒಬ್ಬ ವಿರೋಧಿ

ಹುದೈಬಿಯಾ ಒಪ್ಪಂದದ ನಂತರದ ದಿನಗಳು. ಪ್ರವಾದಿ ಮುಹಮ್ಮದ್(ಸ)ರ ಪತ್ರವೊಂದು ರೋಮನ್ ಚಕ್ರವರ್ತಿ ಹಿರಕ್ಲ್‌ನ ಕೈ ಸೇರಿತು. ಪತ್ರ ಬರೆದವರು ಎಂಥವರು ಎಂದು ತಿಳಿಯಲು, ಅವರ ಊರಿನವರು ಯಾರಾದರೂ ಇಲ್ಲಿದ್ದಾರೆಯೇ ಎಂದು ಅವನು ವಿಚಾರಿಸಿದ. ವ್ಯಾಪಾರಕ್ಕೆಂದು ಶಾಮ್ ದೇಶಕ್ಕೆ ಬಂದಿದ್ದ ಕುರೈಷರ ತಂಡವೊಂದು ಸಿಕ್ಕಿತು. ಅದರ ನಾಯಕ ಅಬೂ ಸುಫ್ಯಾನ್. ಅವರು ಆಗಿನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ, ಪ್ರವಾದಿ(ಸ)ರ ಕಟ್ಟಾ ವಿರೋಧಿಯಾಗಿದ್ದರು.

ಹಿರಕ್ಲ್ ಅವರನ್ನು ಮುಂದೆ ಕೂರಿಸಿದ. ಅವರ ಸಂಗಡಿಗರನ್ನು ಬೆನ್ನ ಹಿಂದೆ ನಿಲ್ಲಿಸಿದ. ಇವನು ಸುಳ್ಳು ಹೇಳಿದರೆ ನೀವು ತಿಳಿಸಬೇಕು ಎಂದು ದುಭಾಷಿಯ ಮೂಲಕ ಅವರಿಗೆ ಹೇಳಿದ. ನಂತರ ಒಂದೊಂದಾಗಿ ಪ್ರಶ್ನೆ ಕೇಳಿದ. ಅವರ ವಂಶ ಎಂಥದ್ದು? ಅವರನ್ನು ಅನುಸರಿಸುವವರು ಪ್ರಬಲರೋ, ದುರ್ಬಲರೋ? ಅವರ ಸಂಖ್ಯೆ ಹೆಚ್ಚುತ್ತಿದೆಯೋ, ಕುಗ್ಗುತ್ತಿದೆಯೋ? ಈ ವಾದ ಮಂಡಿಸುವ ಮೊದಲು ಅವರು ಸುಳ್ಳಾಡಿದ್ದುಂಟೋ? ಮಾತಿಗೆ ತಪ್ಪುತ್ತಾರೋ?

ಅಬೂ ಸುಫ್ಯಾನರಿಗೆ ಇದು ಸುವರ್ಣಾವಕಾಶವಾಗಿತ್ತು. ಒಂದೆರಡು ಸುಳ್ಳು ಸೇರಿಸಿದ್ದರೆ ಜಗತ್ತಿನ ದೊಡ್ಡ ಶಕ್ತಿಯೊಂದನ್ನು ಮದೀನಾದ ವಿರುದ್ಧ ತಿರುಗಿಸಬಹುದಿತ್ತು. ಆದರೆ ಅವರು ಹಾಗೆ ಮಾಡಲಿಲ್ಲ. ಸುಳ್ಳಾಡಿದ್ದನ್ನು ನಾವು ಕಂಡಿಲ್ಲ, ಮಾತಿಗೆ ತಪ್ಪಿದ್ದೂ ಇಲ್ಲ ಎಂದು ಒಪ್ಪಿಕೊಂಡರು. ಈಗ ಅವರೊಂದಿಗೆ ಒಂದು ಒಪ್ಪಂದವಿದೆ, ಮುಂದೇನು ಮಾಡುವರೋ ತಿಳಿಯದು ಎಂಬುದೊಂದನ್ನು ಮಾತ್ರ ಸೇರಿಸಿದರು. ಇಡೀ ಸಂಭಾಷಣೆಯಲ್ಲಿ ತನ್ನ ವಿರೋಧವನ್ನು ತುರುಕಲು ಸಿಕ್ಕ ಸಂದು ಅದೊಂದೇ ಎಂದು ಮುಂದೆ ಅವರೇ ಹೇಳಿಕೊಂಡರು. ತಾನು ಸುಳ್ಳು ಹೇಳಿದೆನೆಂದು ಸಂಗಡಿಗರು ಊರಲ್ಲಿ ಹೇಳಿಯಾರು ಎಂಬ ನಾಚಿಕೆ ಇಲ್ಲದಿರುತ್ತಿದ್ದರೆ ಖಂಡಿತ ಸುಳ್ಳಾಡುತ್ತಿದ್ದೆ ಎಂದೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಬುಖಾರಿಯಲ್ಲಿ ಈ ಘಟನೆ ವಿವರವಾಗಿ ವರದಿಯಾಗಿದೆ.

ಇಲ್ಲಿ ಎರಡು ವಿಷಯಗಳನ್ನು ನಾವು ಗಮನಿಸಬೇಕು. ಮೊದಲನೆಯದು, ಇಸ್ಲಾಮ್ ಇನ್ನೂ ತಟ್ಟದಿದ್ದ ಒಬ್ಬ ಅರಬ್ ನಾಯಕನಿಗೂ ತನ್ನ ಜನರ ಕಣ್ಣಲ್ಲಿ ಸುಳ್ಳುಗಾರನಾಗುವುದು ಅವಮಾನವೆನಿಸಿತ್ತು. ಅದೂ ಶತ್ರುವಿನ ಕುರಿತು ಆಡುವ ಸುಳ್ಳು. ಅಂಥ ಸುಳ್ಳಿಗೆ ಇಂದು ನಾವು ಚಪ್ಪಾಳೆ ತಟ್ಟುತ್ತೇವೆ. ಎರಡನೆಯದು, ಹಿರಕ್ಲ್ ತಲುಪಿದ ತೀರ್ಮಾನ. ಜನರ ವಿಷಯದಲ್ಲಿ ಸುಳ್ಳು ಹೇಳದವರು ದೇವನ ವಿಷಯದಲ್ಲಿ ಸುಳ್ಳು ಹೇಳಲಾರರು ಎಂದು ಅವನು ಯೋಚಿಸಿದ. ಪ್ರವಾದಿ(ಸ)ರ ನಲವತ್ತು ವರ್ಷಗಳ ಪ್ರಾಮಾಣಿಕ ಬದುಕು ವಿರೋಧಿಯ ಬಾಯಿಂದಲೇ ಅವರ ಪರವಾಗಿ ಸಾಕ್ಷ್ಯ ನುಡಿಸಿತು.

ಸರಪಳಿಯೊಂದಿಗೆ ಬಂದ ಯುವಕ

ಹುದೈಬಿಯಾ ಒಪ್ಪಂದವನ್ನೇ ನೋಡೋಣ. ಹಿಜರಿ 6, ಅಂದರೆ ಕ್ರಿ.ಶ. 628. ಉಮ್ರಾಕ್ಕೆಂದು ಹೊರಟ ಸುಮಾರು 1,400 ಮಂದಿಯನ್ನು ಕುರೈಷರು ಮಕ್ಕಾದ ಹೊರಗೇ ತಡೆದರು. ಸಂಧಾನಕ್ಕೆ ಬಂದವರು ಸುಹೈಲ್ ಬಿನ್ ಅಮ್ರ್. ಹತ್ತು ವರ್ಷಗಳ ಕದನವಿರಾಮಕ್ಕೆ ಒಪ್ಪಿಗೆಯಾಯಿತು. ಅದರಲ್ಲೊಂದು ಕಠಿಣ ಷರತ್ತು ಹೀಗಿತ್ತು: ಕುರೈಷರ ಕಡೆಯಿಂದ ಯಾರಾದರೂ ಮದೀನಾಕ್ಕೆ ಬಂದರೆ, ಅವನು ಮುಸ್ಲಿಮನಾಗಿದ್ದರೂ ಅವನನ್ನು ಹಿಂದಿರುಗಿಸಬೇಕು.

ಒಪ್ಪಂದದ ಬರವಣಿಗೆ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಸುಹೈಲರ ಮಗ ಅಬೂ ಜಂದಲ್(ರ) ಕಾಲಿಗೆ ಬಿಗಿದ ಸರಪಳಿಯನ್ನು ಎಳೆದುಕೊಂಡೇ ಅಲ್ಲಿಗೆ ಬಂದು ಮುಸ್ಲಿಮರ ನಡುವೆ ಬಿದ್ದರು. ಇಸ್ಲಾಮ್ ಸ್ವೀಕರಿಸಿದ ಕಾರಣಕ್ಕೆ ಅವರನ್ನು ಕಟ್ಟಿಹಾಕಿ ಹಿಂಸಿಸಲಾಗಿತ್ತು. ಸುಹೈಲ್ ಎದ್ದು ನಿಂತು, ಒಪ್ಪಂದದಂತೆ ಹಿಂದಿರುಗಿಸಬೇಕಾದ ಮೊದಲಿಗ ಇವನೇ ಎಂದರು. ಬರವಣಿಗೆ ಇನ್ನೂ ಮುಗಿದಿಲ್ಲವಲ್ಲ ಎಂದು ಪ್ರವಾದಿ(ಸ) ಹೇಳಿದರು. ಇವರೊಬ್ಬರನ್ನು ನನಗಾಗಿ ಬಿಟ್ಟುಕೊಡಿ ಎಂದು ಕೇಳಿಕೊಂಡರು. ಸುಹೈಲ್ ಒಪ್ಪಲಿಲ್ಲ. ಬಿಡದಿದ್ದರೆ ಯಾವ ಒಪ್ಪಂದವೂ ಇಲ್ಲ ಎಂದು ಪಟ್ಟುಹಿಡಿದರು.

ಆ ಯುವಕನ ಮೈಮೇಲೆ ಹಿಂಸೆಯ ಗುರುತುಗಳಿದ್ದವು. ನನ್ನನ್ನು ಮತ್ತೆ ಅವರ ಕೈಗೆ ಕೊಡುವಿರಾ ಎಂದು ಅವರು ಮುಸ್ಲಿಮರನ್ನು ಕೂಗಿ ಕೇಳುತ್ತಿದ್ದರು. ನೆರೆದವರ ಕರುಳು ಕಿತ್ತುಬಂತು. ಸಹಿಯಾಗದ ಕಾಗದವನ್ನು ನೆಪವಾಗಿಸಿಕೊಂಡು ಮಾತು ಬದಲಾಯಿಸಿದ್ದರೆ ಅಂದು ಮುಸ್ಲಿಮರ ಪಾಳಯದಲ್ಲಿ ಸಂತೋಷಪಡದವರು ಯಾರೂ ಇರುತ್ತಿರಲಿಲ್ಲ. ಹಝ್ರತ್ ಉಮರ್(ರ)ರಂಥವರೂ, ನಾವು ಸತ್ಯದ ಮೇಲಿಲ್ಲವೇ, ಹಾಗಿದ್ದರೂ ಯಾಕೆ ಬಾಗಬೇಕು ಎಂದು ಪ್ರಶ್ನಿಸಿದ ದಿನ ಅದು. ಆದರೆ ಪ್ರವಾದಿ(ಸ), ಸಹನೆ ತಾಳು, ಅಲ್ಲಾಹನು ದಾರಿ ತೋರುವನು, ನಾವು ಅವರಿಗೆ ಮಾತು ಕೊಟ್ಟಾಗಿದೆ, ವಂಚಿಸಲಾರೆವು ಎಂಬರ್ಥದಲ್ಲಿ ಅಬೂ ಜಂದಲ್‌ರನ್ನು ಸಂತೈಸಿ ಕಳುಹಿಸಿಕೊಟ್ಟರು.

ದಾರಿ ತೆರೆದುಕೊಂಡದ್ದೂ ನಿಜ. ಮಕ್ಕಾದಿಂದ ತಪ್ಪಿಸಿಕೊಂಡವರು ಮದೀನಾಕ್ಕೆ ಹೋಗಲಾಗದೆ ಕಡಲತೀರದ ಬಳಿ ನೆಲೆನಿಂತರು. ಅಬೂ ಜಂದಲ್(ರ) ಕೂಡ ಅವರನ್ನು ಸೇರಿಕೊಂಡರು. ಇವರಿಂದ ಕುರೈಷರ ವ್ಯಾಪಾರದ ದಾರಿಯೇ ಕಟ್ಟಿಹೋಯಿತು. ಕೊನೆಗೆ ಕುರೈಷರೇ, ಆ ಷರತ್ತು ಬೇಡ, ಇವರನ್ನು ಮದೀನಾಕ್ಕೆ ಕರೆಸಿಕೊಳ್ಳಿ ಎಂದು ಬೇಡಿಕೊಳ್ಳಬೇಕಾಯಿತು. ಆದರೆ ಮಾತು ಉಳಿಸಿಕೊಂಡ ದಿನ ಈ ಫಲಿತಾಂಶ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ ಎಂಬುದನ್ನು ನಾವು ಮರೆಯಬಾರದು. ಅಂದು ಕಣ್ಣ ಮುಂದಿದ್ದದ್ದು ನಷ್ಟ ಮಾತ್ರ.

ಇಂಥದ್ದೇ ಇನ್ನೊಂದು ಘಟನೆ ಬದ್ರ್‌ನದು. ಹುದೈಫಾ(ರ) ಮತ್ತು ಅವರ ತಂದೆ ಮದೀನಾಕ್ಕೆ ಹೋಗುತ್ತಿದ್ದಾಗ ಕುರೈಷರ ಕೈಗೆ ಸಿಕ್ಕಿದರು. ಮುಹಮ್ಮದರ ಜೊತೆ ಸೇರಿ ಯುದ್ಧ ಮಾಡುವುದಿಲ್ಲ ಎಂದು ಅವರಿಂದ ಮಾತು ಪಡೆದು ಬಿಟ್ಟುಬಿಟ್ಟರು. ಬಲವಂತದಿಂದ ಪಡೆದ ಮಾತು ಅದು. ಬದ್ರ್‌ನಲ್ಲಿ ಮುಸ್ಲಿಮರು ಮುನ್ನೂರಕ್ಕಿಂತ ಸ್ವಲ್ಪ ಹೆಚ್ಚು, ಎದುರಿಗೆ ಸುಮಾರು ಸಾವಿರ ಮಂದಿ. ಒಬ್ಬೊಬ್ಬನೂ ಬೇಕಾಗಿದ್ದ ಹೊತ್ತು. ಆದರೂ ಪ್ರವಾದಿ(ಸ) ಅವರಿಬ್ಬರನ್ನು ಯುದ್ಧದಿಂದ ಹಿಂದಕ್ಕೆ ಕಳುಹಿಸಿದರು. ಕೊಟ್ಟ ಮಾತನ್ನು ಪಾಲಿಸೋಣ, ಅಲ್ಲಾಹನ ಸಹಾಯ ಬೇಡೋಣ ಎಂಬುದು ಅವರ ನಿಲುವಾಗಿತ್ತು. ಇದು ಮುಸ್ಲಿಮ್‌ನಲ್ಲಿ ವರದಿಯಾಗಿದೆ.

ಯುದ್ಧದ ರಿಯಾಯಿತಿ ಎಲ್ಲಿಯವರೆಗೆ?

ಹಾಗಾದರೆ ಯುದ್ಧವೆಂದರೆ ತಂತ್ರ ಎಂಬ ಹದೀಸ್‌ನ ಅರ್ಥವೇನು? ಅದು ಸಹೀಹ್ ಹದೀಸ್. ಯುದ್ಧ, ಜಗಳವಾಡಿದವರ ನಡುವೆ ರಾಜಿ, ದಂಪತಿಗಳ ನಡುವಿನ ಮಾತು, ಈ ಮೂರು ಕಡೆ ರಿಯಾಯಿತಿ ಇರುವ ವರದಿಯೂ ಇದೆ. ಖಂದಕ್ ಯುದ್ಧದಲ್ಲಿ ನುಐಮ್ ಬಿನ್ ಮಸ್‌ಊದ್(ರ) ತನ್ನ ಮಾತಿನ ಚಾತುರ್ಯದಿಂದ ಶತ್ರುಗಳ ಒಕ್ಕೂಟದಲ್ಲಿ ಪರಸ್ಪರ ಸಂಶಯ ಮೂಡಿಸಿ ಅದನ್ನು ಒಡೆದ ಕಥೆ ನಮಗೆಲ್ಲ ಗೊತ್ತು.

ಆದರೆ ಈ ರಿಯಾಯಿತಿಗೆ ಬೇಲಿ ಇದೆ. ಯುದ್ಧದಲ್ಲಿ ಶತ್ರುವನ್ನು ತಂತ್ರದಿಂದ ಮಣಿಸಬಹುದು, ಆದರೆ ಒಪ್ಪಂದವನ್ನು ಅಥವಾ ಕೊಟ್ಟ ಅಭಯವನ್ನು ಮುರಿಯುವ ತಂತ್ರ ಸಲ್ಲದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿದೆ ಎಂದು ಇಮಾಮ್ ನವವಿ(ರಹ) ದಾಖಲಿಸಿದ್ದಾರೆ. ಕತ್ತಿ ಹಿರಿದು ನಿಂತ ಶತ್ರುವಿನೊಂದಿಗೂ ಹೀಗೆ ಎಂದಾದರೆ, ನಮ್ಮೊಂದಿಗೆ ಒಂದೇ ಊರಲ್ಲಿ ಬಾಳುವ ನೆರೆಯವರು, ನಮಗೆ ಮತ ಹಾಕಿದವರು, ನಮ್ಮ ಮೇಲೆ ನಂಬಿಕೆ ಇಟ್ಟವರು ಶತ್ರುಸೈನ್ಯ ಆಗುವುದಾದರೂ ಹೇಗೆ? ಚುನಾವಣೆಯನ್ನು ಯುದ್ಧ ಎಂದು ಕರೆಯುವುದು ಭಾಷಣದ ಅಲಂಕಾರ. ಅಲಂಕಾರದ ಮಾತಿನಿಂದ ಹರಾಮ್ ಹಲಾಲ್ ಆಗುವುದಿಲ್ಲ.

ಈ ಬೇಲಿಯನ್ನು ಕಾಯ್ದವರ ಒಂದು ಉದಾಹರಣೆ ಅಬೂ ದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಮುಆವಿಯಾ(ರ) ಮತ್ತು ರೋಮನರ ನಡುವೆ ಅವಧಿ ನಿಗದಿಯಾದ ಒಪ್ಪಂದವಿತ್ತು. ಅವಧಿ ಮುಗಿಯುವ ಮುನ್ನವೇ ಮುಆವಿಯಾ(ರ) ಸೈನ್ಯದೊಂದಿಗೆ ಗಡಿಯತ್ತ ಸಾಗಿದರು. ಅವಧಿ ಮುಗಿದ ತಕ್ಷಣ ದಾಳಿ ಮಾಡುವುದು ಉದ್ದೇಶ. ಬಾಯಿಂದ ಒಂದು ಸುಳ್ಳೂ ಹೊರಟಿರಲಿಲ್ಲ. ಒಪ್ಪಂದದ ಅಕ್ಷರವೂ ಮುರಿದಿರಲಿಲ್ಲ. ಅಷ್ಟರಲ್ಲಿ ಸವಾರನೊಬ್ಬ, ನಿಷ್ಠೆ ಇರಲಿ, ದ್ರೋಹ ಬೇಡ ಎಂದು ಕೂಗುತ್ತಾ ಬಂದರು. ನೋಡಿದರೆ ಸಹಾಬಿ ಅಮ್ರ್ ಬಿನ್ ಅಬಸಾ(ರ). ಒಪ್ಪಂದವಿದ್ದರೆ ಅವಧಿ ಮುಗಿಯುವವರೆಗೆ ಅದರ ಗಂಟನ್ನು ಬಿಗಿಯಲೂ ಬಾರದು, ಸಡಿಲಿಸಲೂ ಬಾರದು, ಇಲ್ಲವೇ ಒಪ್ಪಂದ ಮುಗಿಯಿತೆಂದು ಅವರಿಗೆ ಮೊದಲೇ ಬಹಿರಂಗವಾಗಿ ತಿಳಿಸಬೇಕು ಎಂಬ ಪ್ರವಾದಿವಚನವನ್ನು ಅವರು ನೆನಪಿಸಿದರು. ಮುಆವಿಯಾ(ರ) ಸೈನ್ಯವನ್ನು ಹಿಂದಿರುಗಿಸಿದರು. ಮಾತು ನಿಜವಾಗಿದ್ದರೂ ನಡೆ ವಂಚನೆಯಾಗಬಹುದು ಎಂಬುದನ್ನು ಆ ಒಬ್ಬ ಸವಾರ ಹೇಳಿದರು, ಅಧಿಕಾರದಲ್ಲಿದ್ದವರು ಕೇಳಿದರು. ಎರಡೂ ದೊಡ್ಡ ಗುಣಗಳೇ.

ಎಲ್ಲ ಗುಟ್ಟನ್ನೂ ಬೀದಿಯಲ್ಲಿ ಹೇಳಬೇಕೆಂದು ಇದರ ಅರ್ಥವಲ್ಲ. ಪ್ರವಾದಿ(ಸ) ದಂಡಯಾತ್ರೆಗೆ ಹೊರಡುವಾಗ ಸಾಮಾನ್ಯವಾಗಿ ಗುರಿಯನ್ನು ಬಹಿರಂಗಪಡಿಸುತ್ತಿರಲಿಲ್ಲ. ಆದರೆ ತಬೂಕ್‌ಗೆ ಹೊರಡುವಾಗ ಹಾಗೆ ಮಾಡಲಿಲ್ಲ. ಸುಡುಬಿಸಿಲು, ದೂರದ ದಾರಿ, ದೊಡ್ಡ ಶತ್ರು. ಜನರು ಸಿದ್ಧರಾಗಲಿ ಎಂದು ಎಲ್ಲವನ್ನೂ ಮೊದಲೇ ತಿಳಿಸಿದರು. ಕಷ್ಟ ಹೊರಬೇಕಾದ ಜನರಿಗೆ ಆ ಕಷ್ಟ ಎಷ್ಟು ಎಂದು ತಿಳಿಯುವ ಹಕ್ಕಿದೆ. ತನ್ನ ಪ್ರಜೆಗಳನ್ನು ವಂಚಿಸುತ್ತಲೇ ಮರಣ ಹೊಂದಿದ ಆಡಳಿತಗಾರನಿಗೆ ಸ್ವರ್ಗ ನಿಷಿದ್ಧ ಎಂಬ ಎಚ್ಚರಿಕೆ ಹದೀಸ್‌ನಲ್ಲಿದೆ. ಅಂತ್ಯದಿನ ಅಲ್ಲಾಹನು ತಿರುಗಿಯೂ ನೋಡದ ಮೂವರಲ್ಲಿ ಒಬ್ಬ ಸುಳ್ಳುಗಾರ ದೊರೆ. ಬಡವನೋ ದುರ್ಬಲನೋ ಹೆದರಿ ಸುಳ್ಳಾಡಬಹುದು, ಯಾರಿಗೂ ಹೆದರಬೇಕಾಗಿಲ್ಲದ ದೊರೆಗೆ ಸುಳ್ಳಿನ ಅಗತ್ಯವೇ ಇಲ್ಲ, ಹಾಗಾಗಿ ಅವನ ಪಾಪ ಹೆಚ್ಚು ಘೋರ ಎಂದು ವಿದ್ವಾಂಸರು ವಿವರಿಸಿದ್ದಾರೆ.

ಗುಂಪಿಗಾಗಿ ಹುಟ್ಟಿದ ಸುಳ್ಳು

ನಮ್ಮ ಇತಿಹಾಸದಲ್ಲಿ ಹೆಮ್ಮೆಯ ಪುಟಗಳು ಮಾತ್ರ ಇವೆ ಎಂದರೆ ಅದೂ ಸುಳ್ಳಾಗುತ್ತದೆ. ಹಿಜರಿ 35ರಲ್ಲಿ ಹಝ್ರತ್ ಉಸ್ಮಾನ್(ರ) ಹುತಾತ್ಮರಾದರು. ನಂತರದ ಕ್ಷೋಭೆಯಲ್ಲಿ ಸಮುದಾಯ ಬಣಗಳಾಗಿ ಒಡೆಯಿತು. ತಮ್ಮ ಬಣದ ನಾಯಕನನ್ನು ಹೊಗಳಲು, ಎದುರು ಬಣದವನನ್ನು ತೆಗಳಲು ಜನರು ಹದೀಸ್‌ಗಳನ್ನೇ ಕಟ್ಟತೊಡಗಿದರು. ಪ್ರವಾದಿ(ಸ)ರ ಹೆಸರಿನಲ್ಲಿ ಸುಳ್ಳು ಹೇಳುವವನ ನೆಲೆ ನರಕ ಎಂಬುದು ಗೊತ್ತಿದ್ದೂ ಹೀಗೆ ಮಾಡಿದರು. ಅವರಲ್ಲಿ ಹಲವರಿಗೆ ತಾವು ಸತ್ಯದ ಪರವಾಗಿಯೇ ಇದ್ದೇವೆ ಎನಿಸಿತ್ತು.

ಅಧಿಕಾರವನ್ನು ಮೆಚ್ಚಿಸಲು ಕಟ್ಟಿದ ಸುಳ್ಳೂ ಇದ್ದವು. ಅಬ್ಬಾಸಿ ಖಲೀಫಾ ಮಹ್ದಿಗೆ (ಆಳ್ವಿಕೆ ಕ್ರಿ.ಶ. 775–785) ಪಾರಿವಾಳಗಳ ಆಟವೆಂದರೆ ಇಷ್ಟ. ಬಹುಮಾನವಿಟ್ಟು ಸ್ಪರ್ಧಿಸುವುದು ಬಾಣ, ಒಂಟೆ, ಕುದುರೆಗಳಲ್ಲಿ ಮಾತ್ರ ಎಂಬ ಹದೀಸ್ ಇದೆ. ಗಿಯಾಸ್ ಬಿನ್ ಇಬ್ರಾಹೀಮ್ ಎಂಬವನು ಆಸ್ಥಾನದಲ್ಲಿ ಅದನ್ನು ಓದುತ್ತಾ, ಖಲೀಫಾರನ್ನು ಖುಷಿಪಡಿಸಲು 'ರೆಕ್ಕೆ' ಎಂಬ ಒಂದು ಪದ ಸೇರಿಸಿದ. ಮಹ್ದಿ ಅವನಿಗೆ ಹಣವನ್ನೇನೋ ಕೊಡಿಸಿದರು. ಅವನು ಹೊರಟ ಮೇಲೆ, ಇದು ಸುಳ್ಳುಗಾರನ ಬೆನ್ನು ಎಂದು ಹೇಳಿ, ಈ ಸುಳ್ಳಿಗೆ ಕಾರಣವಾದ ಪಾರಿವಾಳಗಳನ್ನು ಕೊಯ್ಯಿಸಿಬಿಟ್ಟರು ಎಂದು ಹದೀಸ್ ಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಸುಳ್ಳು ಹೇಳಿದವನು ಹಣದೊಂದಿಗೆ ಮನೆಗೆ ಹೋದ, ಪಾಪದ ಪಾರಿವಾಳಗಳು ಸತ್ತವು. ರಾಜಕೀಯದ ಸುಳ್ಳಿನ ಬೆಲೆ ತೆರುವವರು ಇಂದಿಗೂ ಬೇರೆಯವರೇ.

ಆದರೆ ಆ ಕಾಲದ ವಿದ್ವಾಂಸರು ಕೈಕಟ್ಟಿ ಕೂರಲಿಲ್ಲ. ಮೊದಲು ಜನರು ಯಾರಿಂದ ಕೇಳಿದಿರಿ ಎಂದು ವಿಚಾರಿಸುತ್ತಿರಲಿಲ್ಲ, ಕ್ಷೋಭೆ ಉಂಟಾದ ನಂತರ ವಿಚಾರಿಸತೊಡಗಿದರು ಎಂದು ಇಬ್ನ್ ಸೀರೀನ್(ರಹ) ಹೇಳಿದ್ದಾರೆ. ಹೀಗೆ ಇಸ್ನಾದ್ ಎಂಬ ಶಾಸ್ತ್ರ ಬೆಳೆಯಿತು. ಯಾರು ಹೇಳಿದರು, ಅವರಿಗೆ ಯಾರು ಹೇಳಿದರು, ಅವರಿಬ್ಬರು ಭೇಟಿಯಾಗಿದ್ದು ನಿಜವೇ, ಅವರ ನೆನಪಿನ ಶಕ್ತಿ ಹೇಗಿತ್ತು, ಅವರು ನಂಬಲು ಯೋಗ್ಯರೇ? ಈ ಪರೀಕ್ಷೆಯಲ್ಲಿ ತಮ್ಮವರು, ಬೇರೆಯವರು ಎಂಬ ಭೇದವಿರಲಿಲ್ಲ. ತನ್ನ ತಂದೆಯೇ ದುರ್ಬಲ ವರದಿಗಾರರೆಂದು ಬಹಿರಂಗವಾಗಿ ಹೇಳಿದ ಅಲೀ ಬಿನ್ ಮದೀನಿ(ರಹ)ಯಂಥವರು ಈ ಶಾಸ್ತ್ರವನ್ನು ಕಟ್ಟಿದರು.

ಒಂದು ವರದಿ, ಒಂದು ಸೈನ್ಯ

ಸುದ್ದಿಯನ್ನು ಪರಿಶೀಲಿಸಿ ಎಂದು ಆದೇಶಿಸುವ ಹುಜುರಾತ್ ಅಧ್ಯಾಯದ ಸೂಕ್ತ ನಮಗೆ ಪರಿಚಿತ. ಅದರ ಹಿನ್ನೆಲೆಯಾಗಿ ಹೆಚ್ಚಿನ ವ್ಯಾಖ್ಯಾನಕಾರರು ಹೇಳುವುದು ಬನೂ ಮುಸ್ತಲಿಕ್ ಗೋತ್ರದ ಪ್ರಕರಣವನ್ನು. ಝಕಾತ್ ಸಂಗ್ರಹಕ್ಕೆ ಹೋದ ಪ್ರತಿನಿಧಿ, ಎದುರುಗೊಳ್ಳಲು ಬಂದ ಜನರನ್ನು ಕಂಡು ಹೆದರಿ ಅರ್ಧದಾರಿಯಿಂದಲೇ ಮರಳಿದರು. ಅವರು ಝಕಾತ್ ಕೊಡಲು ನಿರಾಕರಿಸಿದರೆಂದು ವರದಿ ಮಾಡಿದರು. ಮಾತು ಸೇನೆ ಕಳುಹಿಸುವ ಹಂತ ಮುಟ್ಟಿತ್ತು. ವಿಚಾರಿಸಿದಾಗ ಸಂಗತಿ ಬೇರೆಯೇ ಆಗಿತ್ತು. ಪರಿಶೀಲಿಸದಿದ್ದರೆ ಅಮಾಯಕರ ಮೇಲೆ ದಾಳಿಯಾಗಿ, ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತಿತ್ತು.

ಪರಿಶೀಲಿಸದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಕಾಲವೇ ಕಂಡಿದೆ. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ, ಇರಾಕ್ ಬಳಿ ಸಮೂಹನಾಶಕ ಅಸ್ತ್ರಗಳಿವೆ ಎಂದು ಚಿತ್ರಗಳ ಸಹಿತ ವಾದ ಮಂಡಿಸಿದರು. ವಾಹನಗಳಲ್ಲಿ ಸಾಗಿಸಬಹುದಾದ ಜೈವಿಕ ಅಸ್ತ್ರಗಳ ಪ್ರಯೋಗಾಲಯ ಎಂಬ ಆರೋಪ, ಜರ್ಮನಿ ಸೇರಿದ್ದ ಒಬ್ಬ ಇರಾಕಿ ವಲಸಿಗನ ಮಾತನ್ನು ಮುಖ್ಯವಾಗಿ ಆಧರಿಸಿತ್ತು. ಇನ್ನಷ್ಟು ಕಾಲಾವಕಾಶ ಬೇಕೆಂದು ವಿಶ್ವಸಂಸ್ಥೆಯ ಪರಿಶೀಲಕರು ಕೇಳುತ್ತಿದ್ದರೂ ಮಾರ್ಚ್‌ನಲ್ಲಿ ಯುದ್ಧ ಆರಂಭವಾಯಿತು. 2004ರಲ್ಲಿ ಅಮೆರಿಕದ್ದೇ ತನಿಖಾ ತಂಡ, ಅಂಥ ಅಸ್ತ್ರಗಳ ಸಂಗ್ರಹ ಅಲ್ಲಿರಲಿಲ್ಲ ಎಂದು ವರದಿ ಕೊಟ್ಟಿತು. ಆ ಭಾಷಣ ತನ್ನ ಬದುಕಿಗೆ ಅಂಟಿದ ಕಲೆ ಎಂದು 2005ರಲ್ಲಿ ಪೊವೆಲ್ ಒಪ್ಪಿಕೊಂಡರು. ತಾನು ಕಥೆ ಕಟ್ಟಿದ್ದೆ ಎಂದು ಆ ವಲಸಿಗನೂ 2011ರಲ್ಲಿ ಒಪ್ಪಿಕೊಂಡ. ಅಷ್ಟರಲ್ಲಿ ಲಕ್ಷಕ್ಕೂ ಹೆಚ್ಚು ನಾಗರಿಕರು ಮಣ್ಣು ಸೇರಿದ್ದರು.

ಇಲ್ಲಿ ಎಲ್ಲರೂ ತಿಳಿದೇ ಸುಳ್ಳು ಹೇಳಿದರು ಎಂದು ನಾವು ವಾದಿಸಬೇಕಾಗಿಲ್ಲ. ತಮಗೆ ಬೇಕಾದ ಸುದ್ದಿ ಸಿಕ್ಕಿತು, ಬೇಕಾಗಿತ್ತೆಂದು ನಂಬಿದರು, ನಂಬಿದ್ದನ್ನು ಹರಡಿದರು. ಕೇಳಿದ್ದನ್ನೆಲ್ಲ ಇತರರಿಗೆ ಹೇಳುತ್ತಾ ಹೋಗುವುದು ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಪ್ರವಾದಿವಚನದ ಆಳ ಇಲ್ಲಿ ನಮಗೆ ಅರ್ಥವಾಗಬೇಕು.

ನಮ್ಮ ಮುಂದಿರುವ ಪ್ರಶ್ನೆ

ಈಗ ನಮ್ಮ ಮನೆಗಳಿಗೆ ಬರೋಣ. ನಮ್ಮ ಸಮುದಾಯದ ವಿರುದ್ಧ ಹರಡುವ ಸುಳ್ಳುಗಳಿಂದ ನಾವು ನೊಂದಿದ್ದೇವೆ. ಒಂದು ಹಳೆಯ ಚಿತ್ರ, ಎಲ್ಲಿಯದೋ ವೀಡಿಯೋ, ಅದಕ್ಕೊಂದು ಸುಳ್ಳು ವಿವರಣೆ, ಇಷ್ಟರಿಂದ ಒಂದು ಊರಿನ ನೆಮ್ಮದಿ ಹೇಗೆ ಕೆಡುತ್ತದೆ ಎಂದು ನಮಗೆ ಗೊತ್ತು. ಆ ನೋವು ತಿಳಿದ ನಾವೇ, ನಮ್ಮ ಪರವಾಗಿದೆ ಎಂಬ ಒಂದೇ ಕಾರಣಕ್ಕೆ ಬಂದ ಸಂದೇಶವನ್ನು ಹಿಂದೆಮುಂದೆ ನೋಡದೆ ಹತ್ತು ಗುಂಪುಗಳಿಗೆ ಕಳುಹಿಸುತ್ತೇವಲ್ಲ, ಅದಕ್ಕೆ ಏನು ಹೇಳೋಣ? ಜಮಾಅತ್ ಸಮಿತಿಯ ಚುನಾವಣೆಯಲ್ಲಿ ಎದುರು ಗುಂಪಿನವರ ಲೆಕ್ಕಪತ್ರದ ಬಗ್ಗೆ ಇಲ್ಲಸಲ್ಲದ್ದನ್ನು ಹಬ್ಬಿಸಿ, ಮರುದಿನ ಅದೇ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವಲ್ಲ, ಅದಕ್ಕೆ ಯಾವ ಯುದ್ಧದ ರಿಯಾಯಿತಿ ಇದೆ?

ಸತ್ಯ ಹೇಳಿದರೆ ನಷ್ಟವಾಗುತ್ತದೆ ಎನ್ನುವವರು ಕಅಬ್ ಬಿನ್ ಮಾಲಿಕ್(ರ)ರನ್ನು ನೆನಪಿಸಿಕೊಳ್ಳಲಿ. ತಬೂಕ್‌ಗೆ ಹೋಗದೆ ಉಳಿದ ಎಂಬತ್ತಕ್ಕೂ ಹೆಚ್ಚು ಮಂದಿ ನೆಪಗಳನ್ನು ಹೇಳಿದರು. ಪ್ರವಾದಿ(ಸ) ಅವರ ಮಾತನ್ನು ಮೇಲ್ನೋಟಕ್ಕೆ ಒಪ್ಪಿ ಕಳುಹಿಸಿದರು. ಕಅಬ್(ರ) ಮಾತಿನಲ್ಲಿ ಜಾಣರು. ಅವರಿಗೂ ಒಂದು ನೆಪ ಹೊಳೆಯದೆ ಇರಲಿಲ್ಲ. ಆದರೆ ನನಗೆ ಯಾವ ಅಡ್ಡಿಯೂ ಇರಲಿಲ್ಲ ಎಂದು ನಿಜ ನುಡಿದರು. ಐವತ್ತು ದಿನ ಊರಿಗೆ ಊರೇ ಅವರೊಂದಿಗೆ ಮಾತು ಬಿಟ್ಟಿತು. ಸಲಾಮಿಗೂ ಉತ್ತರವಿಲ್ಲ. ಐವತ್ತೊಂದನೆಯ ದಿನವಲ್ಲ, ಐವತ್ತನೆಯ ರಾತ್ರಿ ಕಳೆದ ಮುಂಜಾನೆಯೇ ಅವರ ತೌಬಾ ಸ್ವೀಕೃತವಾದ ಸುದ್ದಿ ಬಂತು. ಇಸ್ಲಾಮ್ ಸ್ವೀಕಾರದ ನಂತರ ಅಲ್ಲಾಹನು ತನಗೆ ನೀಡಿದ ಅತಿದೊಡ್ಡ ಅನುಗ್ರಹ ಆ ದಿನದ ಸತ್ಯವೇ ಎಂದು ಅವರು ನಂಬಿದ್ದರು.

ಸತ್ಯವಿಶ್ವಾಸಿಗಳೇ, ನಿಮ್ಮ ವಿರುದ್ಧ, ನಿಮ್ಮ ತಂದೆತಾಯಿಯರ ವಿರುದ್ಧ, ನಿಮ್ಮ ಬಂಧುಗಳ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಿರಿ ಎಂಬುದು ನಿಸಾ ಅಧ್ಯಾಯದ ಆದೇಶದ ಸಾರ. ಮುಂದಿನ ಸಲ ನಮ್ಮ ಕಡೆಯವನೊಬ್ಬ ಸುಳ್ಳು ಹೇಳಿದಾಗ, ಸಭೆಯಲ್ಲಾಗಲಿ ಮನೆಯ ಊಟದ ಹೊತ್ತಿನಲ್ಲಾಗಲಿ, ಭಾಯಿ, ಇದು ನಿಜವಲ್ಲ ಎಂದು ಮೆಲ್ಲಗೆ ಹೇಳುವ ಒಬ್ಬನಾದರೂ ನಮ್ಮ ನಡುವೆ ಇರಲಿ. ಮಕ್ಕಳು ಕೇಳಿಸಿಕೊಳ್ಳುವಂತೆ ಹೇಳಲಿ. ನಾಳೆ ನಮ್ಮ ವಿರೋಧಿಯನ್ನು ನಿಲ್ಲಿಸಿ ಈ ಜನರು ಸುಳ್ಳಾಡುತ್ತಾರೆಯೇ ಎಂದು ಯಾರಾದರೂ ಕೇಳಿದರೆ, ಅಬೂ ಸುಫ್ಯಾನರು ಕೊಟ್ಟ ಉತ್ತರವನ್ನೇ ಅವನೂ ಕೊಡುವಂತೆ ನಾವು ಬದುಕಿದ್ದೇವೆಯೇ ಎಂದು ನಮ್ಮನ್ನೇ ಕೇಳಿಕೊಳ್ಳೋಣ.

ಸತ್ಯವನ್ನು ಸತ್ಯವೆಂದು ಕಾಣುವ, ನಮಗೆ ನಷ್ಟವಾದರೂ ಅದನ್ನು ನುಡಿಯುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.